ಆಟಿಯ ಪಾಲೆ ಕಷಾಯವೂ ಗಂಡಸಿನ ಫಲವತ್ತತೆಯೂ

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಸುಳ್ಯದ ಜಾಲ್ಸೂರಿನ ಮನೆಗಳಲ್ಲಿ ಕಾಫಿಗಿಂತ ಮೊದಲು ಹೊಟ್ಟೆಗಿಳಿಯುವುದು ಪಾಲೆಯ ಕಷಾಯ. ಹಿಂದಿನ ದಿನವೇ ಮರವನ್ನು ಗುರುತು ಮಾಡಿಟ್ಟಿರುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಬೆಳ್ಳುಳ್ಳಿ, ಓಮ, ಕರಿಮೆಣಸು, ಜೀರಿಗೆ, ಅರಸಿನ ಸೇರಿಸಿ ಅರೆದು ರಸ ಹಿಂಡುತ್ತಾರೆ. ಕೆಂಡದಲ್ಲಿ ಕಾಯಿಸಿದ ಬೊಳ್ಳುಕಲ್ಲನ್ನು ಅದರೊಳಗೆ ಹಾಕಿ ಒಗ್ಗರಣೆ ಕೊಟ್ಟ ಮೇಲೆ ಮನೆಮಂದಿಗೆಲ್ಲ ಸಣ್ಣ ಲೋಟದಲ್ಲಿ ಒಂದೊಂದು ಪಾಲು. ಬಾಯಿಯ ಕಹಿಗೆ ಒಂದು ತುಂಡು ಬೆಲ್ಲ, ದೇಹದ ಉಷ್ಣಕ್ಕೆ ಮೆಂತೆ ಗಂಜಿ. ಸಾವಿರದೊಂದು ಬಗೆಯ ಮದ್ದಿನ ಗುಣ ಆ ದಿನ ಆ ಮರಕ್ಕೆ ಬಂದಿರುತ್ತದೆ ಎಂಬುದು ತುಳುನಾಡಿನ ನಂಬಿಕೆ. ಇಲ್ಲಿಂದ ಸಂಪಾಜೆ ಘಟ್ಟ ಹತ್ತಿದರೆ ಕೊಡಗಿನವರು ಹೆಚ್ಚುಕಡಿಮೆ ಅದೇ ಹೊತ್ತಿಗೆ, ಕಕ್ಕಡ ಹದಿನೆಂಟರಂದು, ಮದ್ದುಸೊಪ್ಪಿನ ಪಾಯಸ ಉಣ್ಣುತ್ತಾರೆ. ಮಳೆಗಾಲದ ನಡುವೆ ವರ್ಷಕ್ಕೊಮ್ಮೆ ಮದ್ದು ಕುಡಿಯುವುದು ಘಟ್ಟದ ಮೇಲೂ ಕೆಳಗೂ ಇರುವ ರೂಢಿ.

ಇದೇ ಪಾಲೆ ಮರದ ತೊಗಟೆ ಒಮ್ಮೆ ಜೈಪುರದ ಪ್ರಯೋಗಾಲಯವನ್ನೂ ಸೇರಿತ್ತು. ಸಸ್ಯಶಾಸ್ತ್ರದಲ್ಲಿ ಈ ಮರ ಆಲ್‌ಸ್ಟೋನಿಯಾ ಸ್ಕಾಲರಿಸ್, ಆಯುರ್ವೇದದಲ್ಲಿ ಸಪ್ತಪರ್ಣ. ರಾಜಸ್ಥಾನ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರು ಅದರ ತೊಗಟೆಯ ಸಾರವನ್ನು ಗಂಡು ಇಲಿಗಳಿಗೆ ದಿನಕ್ಕೆ 200 ಮಿಲಿಗ್ರಾಂನಂತೆ 60 ದಿನ ಕುಡಿಸಿದರು. ಇಲಿಗಳ ಮೈತೂಕ ಇಳಿಯಲಿಲ್ಲ. ಆದರೆ ವೃಷಣಗಳ ತೂಕ ಇಳಿಯಿತು, ವೀರ್ಯಾಣುಗಳ ಉತ್ಪತ್ತಿ ತೀವ್ರವಾಗಿ ಕುಸಿಯಿತು. 2002ರಲ್ಲಿ ಈ ಫಲಿತಾಂಶ ಏಷ್ಯನ್ ಜರ್ನಲ್ ಆಫ್ ಆಂಡ್ರಾಲಜಿ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಥ ಒಂದು ಸಾಲು ಮೊಬೈಲಿನಲ್ಲಿ ಹರಿದಾಡಿದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗದ ಹುಡುಗನೊಬ್ಬ ತಾನು ಚಿಕ್ಕಂದಿನಿಂದ ಕುಡಿದ ಕಷಾಯವನ್ನೆಲ್ಲ ಲೆಕ್ಕ ಹಾಕಲು ಕೂರುತ್ತಾನೆ. ಅವನಿಗಾಗಿ ಆ ಪ್ರಯೋಗದ ಅಂಕಿಗಳನ್ನು ಬಿಡಿಸಿ ನೋಡಬೇಕು.

ಪ್ರಯೋಗಾಲಯದ ಇಲಿಯೊಂದು ಸುಮಾರು 200 ಗ್ರಾಂ ತೂಗುತ್ತದೆ. ಅದಕ್ಕೆ 200 ಮಿಲಿಗ್ರಾಂ ಕೊಟ್ಟರೆ ಕಿಲೋ ಮೈತೂಕಕ್ಕೆ ಒಂದು ಗ್ರಾಂ ಕೊಟ್ಟಂತೆ. ಇಲಿಯ ಲೆಕ್ಕವನ್ನು ಮನುಷ್ಯನಿಗೆ ತರುವಾಗ ಔಷಧ ವಿಜ್ಞಾನಿಗಳು ಅದನ್ನು ಸುಮಾರು ಆರರಿಂದ ಭಾಗಿಸುತ್ತಾರೆ, ಏಕೆಂದರೆ ಸಣ್ಣ ಪ್ರಾಣಿಯ ದೇಹ ಮದ್ದನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಹಾಗೆ ನೋಡಿದರೂ 60 ಕಿಲೋ ತೂಕದ ಗಂಡಸು ದಿನಕ್ಕೆ ಹತ್ತಿರ ಹತ್ತಿರ 10 ಗ್ರಾಂ ಸಾರವನ್ನು ಎರಡು ತಿಂಗಳು ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ. ಅದೂ ನೀರಿನಲ್ಲಿ ಹಿಂಡಿದ ರಸವಲ್ಲ. ಮೆಥನಾಲ್ ಎಂಬ ದ್ರಾವಕದಲ್ಲಿ ತೊಗಟೆಯನ್ನು ನೆನೆಸಿ, ಸೋಸಿ, ಆ ದ್ರಾವಕವನ್ನು ಆವಿಯಾಗಿಸಿ ಉಳಿಸಿಕೊಂಡ ಗಟ್ಟಿ ಪದಾರ್ಥ. 10 ಗ್ರಾಂ ಸಾರ ಸಿಗಲು ಅದರ ಎಷ್ಟೋ ಪಟ್ಟು ತೊಗಟೆ ಬೇಕು. ನೀರಿಗೆ ಇಳಿಯುವ ಅಂಶಗಳೇ ಬೇರೆ, ಮೆಥನಾಲ್‌ಗೆ ಇಳಿಯುವವೇ ಬೇರೆ. ವರ್ಷಕ್ಕೊಮ್ಮೆ ಕುಡಿಯುವ ಅರ್ಧ ಲೋಟಕ್ಕೂ ಜೈಪುರದ ಇಲಿಯ 60 ದಿನಗಳಿಗೂ ಇರುವ ದೂರ ಇಷ್ಟು.

ಆಟಿಯ ಕಷಾಯದಲ್ಲಿ ನಿಜವಾದ ಅಪಾಯ ಇರುವುದು ಬೇರೆ ಕಡೆ. ನಸುಕಿನ ಕತ್ತಲೆಯಲ್ಲಿ ಪಾಲೆಯೆಂದು ಕಾಸರಕದ ತೊಗಟೆ ತಂದರೆ ಅದು ಜೀವಕ್ಕೇ ಸಂಚಕಾರ. ಕಾಸರಕದಲ್ಲಿರುವ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳು ಮೈಯ ಸ್ನಾಯುಗಳನ್ನೆಲ್ಲ ಸೆಟೆದು ನಿಲ್ಲಿಸುತ್ತವೆ. ಪಾಲೆಯಾದರೆ ಒಂದು ಗಂಟಿನ ಸುತ್ತ ಛತ್ರಿಯಂತೆ ಐದಾರು, ಏಳೆಂಟು ಎಲೆಗಳಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಸುರಿಯುತ್ತದೆ. ಹಗಲಿನಲ್ಲೇ ಮರ ಗುರುತು ಮಾಡಿಡಬೇಕೆಂಬ ಹಿರಿಯರ ಕಟ್ಟಳೆಗೆ ನಾನು ಪೂರ್ತಿ ಗೌರವ ಕೊಡುತ್ತೇನೆ.

ಜೈಪುರದವರು 60 ದಿನವನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಇಲಿಯ ವೃಷಣದಲ್ಲಿ ಒಂದು ಮೂಲಕೋಶ ವೀರ್ಯಾಣುವಾಗಿ ರೂಪುಗೊಳ್ಳಲು ಸುಮಾರು 52 ದಿನ ಬೇಕು. ಮನುಷ್ಯನಲ್ಲಿ ಇದೇ ಕೆಲಸಕ್ಕೆ ಸುಮಾರು 74 ದಿನ. ಆಮೇಲೆ ಎಪಿಡಿಡಿಮಿಸ್ ಎಂಬ ಸುರುಳಿನಾಳದಲ್ಲಿ ಇನ್ನಷ್ಟು ದಿನ ಇದ್ದು ಅವು ಈಜುವುದನ್ನು ಕಲಿಯುತ್ತವೆ. ಒಟ್ಟು ಮೂರು ತಿಂಗಳೆನ್ನಿ. ಈಗ ಕೊಯ್ಯುವ ಅಡಿಕೆಗೊನೆಯ ಗತಿ ಸಿಂಗಾರ ಬಿರಿದ ತಿಂಗಳ ಮಳೆ ಬಿಸಿಲಿನಲ್ಲೇ ನಿರ್ಧಾರವಾಗಿರುವಂತೆ, ಇವತ್ತಿನ ವೀರ್ಯ ಪರೀಕ್ಷೆ ತೋರಿಸುವುದು ಮೂರು ತಿಂಗಳ ಹಿಂದಿನ ದೇಹವನ್ನು. ಆಗ ಬಂದ ಟೈಫಾಯ್ಡ್ ಜ್ವರ, ಆಗ ನುಂಗಿದ ಮಾತ್ರೆ, ಆಗಿನ ಕುಡಿತ, ಎಲ್ಲವೂ ಈಗಿನ ವರದಿಯಲ್ಲಿ ಬರುತ್ತವೆ. ಹದಿನೈದು ದಿನದಲ್ಲಿ ವೀರ್ಯಾಣು ಹೆಚ್ಚಿಸುತ್ತೇವೆ ಎಂಬ ಜಾಹೀರಾತು ನಂಬತಕ್ಕದ್ದಲ್ಲ ಎನ್ನಲು ಈ ಒಂದು ಸಂಗತಿ ಸಾಕು.

ಗಿಡಗಳಿಂದ ವೀರ್ಯಾಣುಗಳನ್ನು ತಡೆಯುವ ಪ್ರಯತ್ನ ನಮ್ಮ ದೇಶದಲ್ಲಿ ದಶಕಗಳಿಂದ ನಡೆದಿದೆ. ಗುರಿ ಗಂಡಸರಿಗೊಂದು ಗರ್ಭನಿರೋಧಕ ಮಾತ್ರೆ. ಅದೇ ಜೈಪುರದಲ್ಲಿ ಪಪ್ಪಾಯಿ ಬೀಜದ ಸಾರವನ್ನು ಲಂಗೂರ್ ಕೋತಿಗಳಿಗೆ ಕಿಲೋ ಮೈತೂಕಕ್ಕೆ 50 ಮಿಲಿಗ್ರಾಂನಂತೆ ವರ್ಷದುದ್ದಕ್ಕೂ ಕೊಟ್ಟರು. ಮೂರು ತಿಂಗಳಾಗುವ ಹೊತ್ತಿಗೆ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಕೊಡುವುದನ್ನು ನಿಲ್ಲಿಸಿ ಸುಮಾರು 150 ದಿನ ಕಳೆದ ಮೇಲೆ ಎಲ್ಲವೂ ಮೊದಲಿನಂತಾಯಿತು. ಅಲ್ಲಿ ಬಳಸಿದ್ದು ಬೀಜದಿಂದ ಕ್ಲೋರೋಫಾರಂ ದ್ರಾವಕದಲ್ಲಿ ತೆಗೆದ ಸಾರ. ಹಿತ್ತಲಿನ ಪಪ್ಪಾಯಿ ಹಣ್ಣನ್ನು ತಿನ್ನಲು ಯಾವ ಗಂಡಸೂ ಅಂಜಬೇಕಿಲ್ಲ.

ಚೀನಾದ್ದು ಇದಕ್ಕಿಂತ ದೊಡ್ಡ ಕತೆ, ಮತ್ತು ನೋವಿನದ್ದು. ಕಚ್ಚಾ ಹತ್ತಿಬೀಜದ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದ ಹಳ್ಳಿಗಳಲ್ಲಿ ಮಕ್ಕಳು ಹುಟ್ಟುವುದೇ ನಿಂತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಗಾಸಿಪಾಲ್ ಎಂಬ ಹಳದಿ ಪದಾರ್ಥ. 1970ರ ದಶಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರಿಗೆ ಅದನ್ನು ಕೊಟ್ಟು ನೋಡಿದರು. ಗರ್ಭನಿರೋಧಕವಾಗಿ ಅದು ಅದ್ಭುತವಾಗಿ ಕೆಲಸ ಮಾಡಿತು. ಆದರೆ ಕೆಲವರ ರಕ್ತದಲ್ಲಿ ಪೊಟಾಸಿಯಂ ಕುಸಿದು ಕೈಕಾಲು ಬಿದ್ದುಹೋದವು, ಇನ್ನು ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ಫಲವತ್ತತೆ ಮರಳಲಿಲ್ಲ. ಕೊನೆಗೆ ಅದನ್ನು ಕೈಬಿಡಬೇಕಾಯಿತು. ಗಿಡದ್ದು, ಆದ್ದರಿಂದ ಅಡ್ಡಪರಿಣಾಮ ಇಲ್ಲ ಎಂದು ಯಾರಾದರೂ ಹೇಳುವಾಗ ನನಗೆ ನೆನಪಾಗುವುದು ಆ ಗಂಡಸರು.

ನಮ್ಮ ಅಂಗಳದ ಕಿರಾತಕಡ್ಡಿಯ ವಿಷಯ ಇನ್ನೂ ಗೋಜಲಿನದು. ಜ್ವರಕ್ಕೆ, ಹುಳಕ್ಕೆ, ಸಕ್ಕರೆ ಕಾಯಿಲೆಗೆ ಈ ಭಾಗದಲ್ಲಿ ಅದರ ಕಷಾಯ ಕುಡಿಯದವರು ಕಡಿಮೆ. ಕೊರೊನಾ ಕಾಲದಲ್ಲಂತೂ ಅಮೃತಬಳ್ಳಿಯ ಜೊತೆಗೆ ಅದನ್ನೂ ಕುದಿಸಿ ದಿನಗಟ್ಟಲೆ ಕುಡಿದರು. 1990ರಲ್ಲಿ ತಮಿಳುನಾಡಿನ ಸಂಶೋಧಕರು ಅದರ ಎಲೆಯ ಪುಡಿಯನ್ನು ಗಂಡು ಇಲಿಗಳಿಗೆ ಕೊಟ್ಟಾಗ ವೀರ್ಯಾಣು ಉತ್ಪತ್ತಿ ನಿಂತಿತೆಂದು ವರದಿ ಮಾಡಿದರು. ಕಿರಾತಕಡ್ಡಿಯ ಕಹಿಯ ಮೂಲವಾದ ಆಂಡ್ರೋಗ್ರಾಫೋಲೈಡ್ ಅನ್ನು ಬೇರ್ಪಡಿಸಿ ಕೊಟ್ಟಾಗಲೂ 2000ದ ವರದಿಯಲ್ಲಿ ಅದೇ ತೀರ್ಮಾನ. ನಡುವೆ 1997ರಲ್ಲಿ ಬೇರೊಂದು ತಂಡ ಒಣಸಾರವನ್ನು ಕಿಲೋಗೆ 1,000 ಮಿಲಿಗ್ರಾಂವರೆಗೂ 60 ದಿನ ಇಲಿಗಳಿಗೆ ಕೊಟ್ಟು, ವೃಷಣಕ್ಕೆ ಏನೂ ಆಗಿಲ್ಲ ಎಂದಿತು. ಎಲ್ಲಿ ಬೆಳೆದ ಗಿಡ, ಯಾವ ತಿಂಗಳು ಕೊಯ್ದದ್ದು, ಎಲೆಯೋ ಇಡೀ ಗಿಡವೋ, ಪುಡಿಯೋ ಸಾರವೋ ಎಂಬುದರ ಮೇಲೆ ಒಳಗಿನ ರಾಸಾಯನಿಕಗಳ ಪ್ರಮಾಣ ಬದಲಾಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ಜ್ವರ ಬಂದಾಗ ನಾಲ್ಕು ದಿನ ಕುಡಿಯುವವರು ಚಿಂತಿಸಬೇಕಿಲ್ಲ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸು ಸಕ್ಕರೆ ಕಾಯಿಲೆಗೆಂದು ತಿಂಗಳುಗಟ್ಟಲೆ ಅದನ್ನು ಕುಡಿಯುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ ವೈದ್ಯರನ್ನು ಕೇಳುವುದು ಜಾಣತನ. ಸಕ್ಕರೆಯನ್ನು ಹತೋಟಿಯಲ್ಲಿಡುವ ಬೇರೆ ದಾರಿ ವೈದ್ಯರಿಗೆ ಗೊತ್ತಿರುತ್ತದೆ. ಹತೋಟಿ ತಪ್ಪಿದ ಸಕ್ಕರೆಯೂ ವೀರ್ಯಾಣುವಿಗೆ ಒಳ್ಳೆಯದಲ್ಲ.

ಇನ್ನು ಫಲವತ್ತತೆಯನ್ನು ಹೆಚ್ಚಿಸುವ ಗಿಡಗಳು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೊದಲ ಅಧ್ಯಾಯ ರಸಾಯನ, ಎರಡನೆಯದೇ ವಾಜೀಕರಣ. ಒಳ್ಳೆಯ ಸಂತಾನ ಅದರ ದೊಡ್ಡ ಉದ್ದೇಶ. ಇವತ್ತಿನ ಅಂಗಡಿಗಳಲ್ಲಿ ಕುದುರೆಯ ಚಿತ್ರ ಹಾಕಿ ಮಾರುವ ಡಬ್ಬಿಗಳಿಗೂ ಆ ಶಾಸ್ತ್ರಕ್ಕೂ ಸಂಬಂಧ ತೀರಾ ಕಡಿಮೆ. ಅತಿಯಾದರೆ ಕೆಡುವುದು ಏನು ಎಂಬುದನ್ನೂ ಚರಕ ಹೇಳಿದ್ದಾನೆ. ಕ್ಷಾರವನ್ನು ಮಿತಿಮೀರಿ ಬಳಸಿದರೆ ಕೂದಲು, ಕಣ್ಣು, ಹೃದಯದ ಜೊತೆಗೆ ಪುಂಸತ್ವಕ್ಕೂ ಕೇಡು ಎಂಬ ಎಚ್ಚರಿಕೆ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲೇ ಇದೆ.

ವಾಜೀಕರಣದ ಗಿಡಗಳಲ್ಲಿ ಕೆಲವು ಸುಳ್ಯದ ಕಾಡಂಚಿನಲ್ಲೇ ಸಿಗುತ್ತವೆ. ಹಲವು ಮಕ್ಕಳ ತಾಯಿ ಬೇರು ಎಂದು ಹೆಸರಾದ ಶತಾವರಿ, ಹುಲ್ಲಿನ ನಡುವೆ ಹಳದಿ ಹೂ ಬಿಡುವ ನೆಲತಾಳೆ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ. ಇವುಗಳಲ್ಲಿ ನಸುಗುನ್ನಿಯ ಬೀಜ ಕೆಲಸ ಮಾಡುವ ಬಗೆ ಸಾಕಷ್ಟು ಸ್ಪಷ್ಟವಾಗಿದೆ. ಅದರಲ್ಲಿ ಎಲ್-ಡೋಪಾ ಎಂಬ ರಾಸಾಯನಿಕ ಧಾರಾಳವಾಗಿದೆ. ಅದು ದೇಹದಲ್ಲಿ ಡೋಪಮೈನ್ ಆಗುತ್ತದೆ. ಡೋಪಮೈನ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಅದುಮುತ್ತದೆ. ಪ್ರೊಲ್ಯಾಕ್ಟಿನ್ ತಗ್ಗಿದರೆ ವೃಷಣವನ್ನು ಎಚ್ಚರಿಸುವ ಹಾರ್ಮೋನ್‌ಗಳು ಏರುತ್ತವೆ. 2009ರಲ್ಲಿ ಲಖನೌದ ವೈದ್ಯ ವಿಜ್ಞಾನಿಗಳು ಸಂತಾನವಾಗದ 75 ಗಂಡಸರಿಗೆ ದಿನಕ್ಕೆ 5 ಗ್ರಾಂ ಬೀಜದ ಪುಡಿಯನ್ನು ಹಾಲಿನಲ್ಲಿ ಮೂರು ತಿಂಗಳು ಕೊಟ್ಟು, ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಸುಧಾರಿಸಿದ್ದನ್ನು ಕಂಡರು. ಇದೇ ಎಲ್-ಡೋಪಾ ಪಾರ್ಕಿನ್ಸನ್ ಕಾಯಿಲೆಯ ಮದ್ದೂ ಹೌದು. ಹಾಗಾಗಿ ನಸುಗುನ್ನಿ ಮಿಠಾಯಿಯಂತೆ ತಿನ್ನುವ ವಸ್ತುವಲ್ಲ. ವಾಂತಿ, ತಲೆಸುತ್ತು, ರಕ್ತದೊತ್ತಡದ ಏರುಪೇರು ಅದರಿಂದ ಬರಬಹುದು. ಹಾಲಿನಲ್ಲಿ ಬೇಯಿಸಿ ಸಿಪ್ಪೆ ತೆಗೆದು ಶೋಧಿಸಿದ ಮೇಲೆಯೇ ಅದನ್ನು ಬಳಸಬೇಕೆಂದು ಆಯುರ್ವೇದ ಹೇಳುವುದು ಸುಮ್ಮನೆ ಅಲ್ಲ.

ಅಶ್ವಗಂಧ ನಮ್ಮ ಜೌಗು ನೆಲದ ಗಿಡವಲ್ಲ, ಬಯಲುಸೀಮೆಯದು. ಮಾರುಕಟ್ಟೆಯಲ್ಲಿ ಮಾತ್ರ ಅದರದ್ದೇ ರಾಜ್ಯ. ವೀರ್ಯಾಣು ಸಂಖ್ಯೆ ಶೇಕಡಾ 167 ಏರಿತು ಎಂಬ ಸಾಲು ಹಲವು ಡಬ್ಬಿಗಳ ಜಾಹೀರಾತಿನಲ್ಲಿದೆ. ಅದು ಸುಳ್ಳಲ್ಲ, 2013ರ ಒಂದು ಅಧ್ಯಯನದ್ದು. ವೀರ್ಯಾಣು ಕಡಿಮೆಯಿದ್ದ 46 ಗಂಡಸರಲ್ಲಿ 21 ಮಂದಿಗೆ ದಿನಕ್ಕೆ 675 ಮಿಲಿಗ್ರಾಂ ಬೇರಿನ ಸಾರವನ್ನು, ಉಳಿದವರಿಗೆ ಬರಿಯ ಹುಸಿಮಾತ್ರೆಯನ್ನು 90 ದಿನ ಕೊಟ್ಟರು. ಅಶ್ವಗಂಧ ಪಡೆದವರಲ್ಲಿ ಸಂಖ್ಯೆ ಮಿಲಿಲೀಟರಿಗೆ ಸರಾಸರಿ 96 ಲಕ್ಷದಿಂದ 2 ಕೋಟಿ 56 ಲಕ್ಷಕ್ಕೆ ಏರಿತು. ಭರವಸೆಯ ಫಲಿತಾಂಶವೇ ಇದು. ಆದರೆ ಅದು ಇಪ್ಪತ್ತೊಂದು ಮಂದಿಯ ಲೆಕ್ಕ. ಒಬ್ಬನೇ ಗಂಡಸಿನ ವೀರ್ಯಾಣು ಸಂಖ್ಯೆ ಯಾವ ಮದ್ದೂ ಇಲ್ಲದೆ ತಿಂಗಳಿಂದ ತಿಂಗಳಿಗೆ ದುಪ್ಪಟ್ಟಾಗುವುದು, ಅರ್ಧಕ್ಕಿಳಿಯುವುದು ಉಂಟು. ಮನೆಯವರಿಗೆ ಬೇಕಾದದ್ದು ಸಂಖ್ಯೆಯಲ್ಲ, ಮಗು. ಮದ್ದು ಮಗು ಕೊಡುತ್ತದೆಯೇ ಎಂದು ತಿಳಿಯಲು ಸಾವಿರಾರು ದಂಪತಿಗಳ ಅಧ್ಯಯನ ಬೇಕು. ಅಮೆರಿಕದಲ್ಲಿ 2,370 ಗಂಡಸರಿಗೆ ಫೋಲಿಕ್ ಆಮ್ಲ ಮತ್ತು ಸತುವಿನ ಮಾತ್ರೆ ಅಥವಾ ಹುಸಿಮಾತ್ರೆ ಕೊಟ್ಟು ನಡೆಸಿದ ಅಂಥ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. ಹುಟ್ಟಿದ ಮಕ್ಕಳ ಸಂಖ್ಯೆಯಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವೇ ಇರಲಿಲ್ಲ. ಅಲ್ಲಿಯವರೆಗೆ ಸಣ್ಣ ಅಧ್ಯಯನಗಳನ್ನು ನಂಬಿ ಎಷ್ಟೋ ವೈದ್ಯರು ಆ ಮಾತ್ರೆ ಬರೆದುಕೊಡುತ್ತಿದ್ದರು. ಅಶ್ವಗಂಧದ ಮೇಲೂ ಅಷ್ಟು ದೊಡ್ಡ ಪರೀಕ್ಷೆ ನಡೆಯಬೇಕು, ನಮ್ಮ ದೇಶದಲ್ಲೇ ನಡೆಯಬೇಕು ಎಂಬುದು ನನ್ನ ಆಸೆ. ಅಶ್ವಗಂಧ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು.

ಶಕ್ತಿವರ್ಧಕವೆಂದು ಗುಟ್ಟಾಗಿ ಮಾರುವ ಪುಡಿ, ಗುಳಿಗೆಗಳದ್ದು ಬೇರೆಯೇ ದಂಧೆ. ಗಿಡಮೂಲಿಕೆ ಎಂದು ಬರೆದ ಇಂಥ ಉತ್ಪನ್ನಗಳಲ್ಲಿ ಸಿಲ್ಡೆನಾಫಿಲ್ ಎಂಬ ಅಲೋಪಥಿ ಔಷಧ ಕಲಬೆರಕೆಯಾಗಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆಹಚ್ಚಿದ್ದಾರೆ. ಹೃದಯದ ಕಾಯಿಲೆಗೆ ನೈಟ್ರೇಟ್ ಮಾತ್ರೆ ನುಂಗುವವರಿಗೆ ಅದು ಪ್ರಾಣಾಂತಿಕವಾಗಬಹುದು. ಜಿಮ್‌ಗಳಲ್ಲಿ ಸಿಗುವ ಟೆಸ್ಟೋಸ್ಟೆರಾನ್ ಚುಚ್ಚುಮದ್ದಿನ ವಿಷಯವನ್ನೂ ಇಲ್ಲೇ ಹೇಳಬೇಕು. ಗಂಡಸುತನ ಹೆಚ್ಚುತ್ತದೆಂದು ಹುಡುಗರು ಅದನ್ನು ಚುಚ್ಚಿಕೊಳ್ಳುತ್ತಾರೆ. ಹೊರಗಿನಿಂದ ಹಾರ್ಮೋನ್ ಬಂದ ಕೂಡಲೇ ಮಿದುಳು ವೃಷಣಕ್ಕೆ ಕೊಡುವ ಸೂಚನೆಯನ್ನು ನಿಲ್ಲಿಸುತ್ತದೆ, ವೀರ್ಯಾಣು ಉತ್ಪತ್ತಿ ಬಹುತೇಕ ಸ್ಥಗಿತವಾಗುತ್ತದೆ. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಜಾಹೀರಾತು ಕೊಡುವುದು ನಮ್ಮಲ್ಲಿ 1954ರ ಕಾಯ್ದೆಯಿಂದಲೇ ಅಪರಾಧ. ಬಸ್ ನಿಲ್ದಾಣದ ಗೋಡೆ ನೋಡಿದರೆ ಅಂಥ ಕಾನೂನು ಇದೆಯೆಂದು ಯಾರಿಗೂ ಅನಿಸುವುದಿಲ್ಲ.

ಅಡಿಕೆಯ ನಾಡಿನಲ್ಲಿ ಕುಳಿತು ಅಡಿಕೆಯ ಬಗ್ಗೆ ಬರೆಯದೆ ಇದ್ದರೆ ತಪ್ಪಾದೀತು. ಅಡಿಕೆಯಲ್ಲಿರುವ ಅರೆಕೋಲಿನ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಮನುಷ್ಯನ ವೀರ್ಯಾಣುಗಳ ಚಲನೆಯನ್ನು ಕುಂದಿಸುತ್ತದೆ ಎಂದು 2006ರಲ್ಲಿ ತೈವಾನಿನ ಸಂಶೋಧಕರು ತೋರಿಸಿದ್ದಾರೆ. ಪಾಲೆಗೆ ಅನ್ವಯಿಸಿದ ನ್ಯಾಯವನ್ನೇ ಇಲ್ಲೂ ಅನ್ವಯಿಸಬೇಕು: ಗಾಜಿನ ತಟ್ಟೆ ದೇಹವಲ್ಲ. ಆದರೆ ವೀಳ್ಯದ ಜೊತೆ ಬಾಯಿಗೆ ಹೋಗುವ ಹೊಗೆಸೊಪ್ಪಿನ ಬಗ್ಗೆ, ಬೀಡಿ ಸಿಗರೇಟಿನ ಬಗ್ಗೆ ಇಷ್ಟು ಉದಾರವಾಗಿರಲು ಆಗದು. 5,865 ಗಂಡಸರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ 2016ರ ವಿಶ್ಲೇಷಣೆಯಲ್ಲಿ ಧೂಮಪಾನಿಗಳ ವೀರ್ಯಾಣು ಸಂಖ್ಯೆಯೂ ಚಲನೆಯೂ ಕಡಿಮೆಯಿದ್ದವು. ಸಾವಿರ ರೂಪಾಯಿಯ ಲೇಹ್ಯ ತರುವ ಮೊದಲು ಬಿಡಬೇಕಾದದ್ದು ಇದನ್ನು.

ಜಾಲ್ಸೂರಿನಲ್ಲಿ ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿಗೆ ಕವಲೊಡೆಯುವ ರಸ್ತೆ ಒಯ್ಯುವ ಜಿಲ್ಲೆಯಲ್ಲಿ ಈ ವಿಷಯದ ಅತ್ಯಂತ ಕಹಿಯಾದ ಅಧ್ಯಾಯ ನಡೆದಿದೆ. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದರು; ನಮ್ಮ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಸುರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಕಾಸರಗೋಡು ಜಿಲ್ಲೆಯ ಪಡ್ರೆಯ 10ರಿಂದ 19 ವರ್ಷದ 117 ಹುಡುಗರನ್ನು, ಸಿಂಪಡಣೆಯಿಲ್ಲದ ಊರಿನ 90 ಹುಡುಗರನ್ನು ಹೋಲಿಸಿ 2003ರಲ್ಲಿ ವರದಿ ಪ್ರಕಟಿಸಿದರು. ವಿಷ ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಗಂಡು ಹಾರ್ಮೋನಿನ ಉತ್ಪತ್ತಿಗೆ ಅಡ್ಡಿಯಾಗಿತ್ತು. ಇದು ಇಲಿಯ ಲೆಕ್ಕವಲ್ಲ, ನಮ್ಮದೇ ನೆರೆಯ ಮಕ್ಕಳದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್‌ಗೆ ತಡೆ ಹಾಕಿತು. ತೋಟಕ್ಕೆ ಇವತ್ತು ಬೇರೆ ಬೇರೆ ಹೆಸರಿನ ಕೀಟನಾಶಕ, ಕಳೆನಾಶಕಗಳು ಬರುತ್ತಿವೆ; ಕೈಗವಸು, ಮುಖಗವಸು ಇಲ್ಲದೆ ಬರಿಮೈಯಲ್ಲಿ ಅವನ್ನು ಹೊಡೆಯುವ ಯುವಕರನ್ನು ನೋಡಿದಾಗ ನನಗೆ ಪಾಲೆ ಕಷಾಯದ ಚಿಂತೆ ಬಹಳ ಸಣ್ಣದೆನಿಸುತ್ತದೆ.

ಮಕ್ಕಳಾಗದ ಮನೆಗಳಲ್ಲಿ ಹೊರೆ ಹೊರುವವಳು ಈಗಲೂ ಹೆಣ್ಣೇ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸಂತಾನಕ್ಕಾಗಿ ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮಾಡಿಸಲು ಬರುವ ದಂಪತಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಕೂರುತ್ತಾರೆ. ಆಸ್ಪತ್ರೆಯಲ್ಲಿ ಮಾತ್ರ ಆ ಜೊತೆ ಕಾಣುವುದಿಲ್ಲ. ಹೆಂಡತಿಗೆ ಸ್ಕ್ಯಾನು, ರಕ್ತ ಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎಲ್ಲ ಮುಗಿದು ವರ್ಷವಾದ ಮೇಲೆ ಗಂಡನ ವೀರ್ಯ ಪರೀಕ್ಷೆಯ ಮಾತು ಬರುತ್ತದೆ. ಜಗತ್ತಿನಲ್ಲಿ ಆರು ಮಂದಿ ವಯಸ್ಕರಲ್ಲಿ ಒಬ್ಬರಿಗೆ ಜೀವನದ ಯಾವುದಾದರೂ ಹಂತದಲ್ಲಿ ಸಂತಾನದ ತೊಂದರೆ ಎದುರಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಪಾಲೂ ಇರುತ್ತದೆ. ಅವನ ಪರೀಕ್ಷೆ ಎಲ್ಲದಕ್ಕಿಂತ ಅಗ್ಗ, ನೋವಿಲ್ಲದ್ದು. ಅದನ್ನೇ ಕೊನೆಗಿಡುವುದು ಹೆಣ್ಣಿಗೆ ಮಾಡುವ ಅನ್ಯಾಯ.

ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿ ಕೊಡಬೇಕು. ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಚಲಿಸುವವು ಶೇಕಡಾ 42 ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಕೆಳಗಿನ ಗೆರೆ. ಅದಕ್ಕಿಂತ ಕಡಿಮೆ ಬಂದರೆ ಎಲ್ಲ ಮುಗಿಯಿತೆಂದಲ್ಲ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ ನೋಡಬೇಕು. ವೃಷಣದ ರಕ್ತನಾಳ ಉಬ್ಬಿಕೊಳ್ಳುವ ವೆರಿಕೋಸಿಲ್, ಹಳೆಯ ಸೋಂಕು, ಥೈರಾಯ್ಡ್, ಹಾರ್ಮೋನ್ ಕೊರತೆ, ನಾಳದ ತಡೆ ಹೀಗೆ ಕಾರಣ ಹಲವು. ನಾಳ ಕಟ್ಟಿಕೊಂಡವನಿಗೆ ವರ್ಷವಿಡೀ ಅಶ್ವಗಂಧ ತಿನ್ನಿಸಿದರೂ ಪ್ರಯೋಜನವಿಲ್ಲ. ಕಳೆದುಹೋಗುವುದು ಹೆಂಡತಿಯ ವಯಸ್ಸು.

ಸುಳ್ಯದಲ್ಲಿ ಆಯುರ್ವೇದ ಕಾಲೇಜೂ ಇದೆ, ಅಲೋಪಥಿ ವೈದ್ಯಕೀಯ ಕಾಲೇಜೂ ಇದೆ. ಯಾವ ಬಾಗಿಲು ತಟ್ಟುವುದು ಎಂಬುದು ನಿಮಗೆ ಬಿಟ್ಟದ್ದು. ಯಾವುದನ್ನು ತಟ್ಟಿದರೂ ಗಂಡ ಹೆಂಡತಿ ಒಂದೇ ದಿನ ಒಟ್ಟಿಗೆ ಹೋಗಿ. ಮನೆಯಲ್ಲಿ ಕುಡಿಯುತ್ತಿರುವ ಕಷಾಯ, ತಿನ್ನುತ್ತಿರುವ ಪುಡಿ, ತೋಟಕ್ಕೆ ಹೊಡೆಯುತ್ತಿರುವ ಮದ್ದು ಎಲ್ಲದರ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಯಾವುದನ್ನೂ ಮುಚ್ಚಿಡಬೇಡಿ. ಮತ್ತು ಮೊದಲ ಪರೀಕ್ಷೆ ಗಂಡನದ್ದಾಗಲಿ.